ಒಡೆಯದೆ ಉಳಿದ ಹನಿ

ಆಸ್ಪತ್ರೆಯ ಗೇಟಿನಲ್ಲಿ ನರ್ಸ್ ಸಲೋಮೆ ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದಾಗಲೇ ಏನೋ ಎಡವಟ್ಟಾಗಿದೆ ಅನ್ನಿಸಿತು. ಫ್ಲೂ ಜ್ವರ ಊರಿಗೆಲ್ಲ ಹಬ್ಬಿದ್ದ ವಾರ. ಪಕ್ಕದ ದ್ವೀಪದ ಶಾಲೆಯಲ್ಲಿ ಮಕ್ಕಳ ಮೂಗಿಗೆ ಪರೀಕ್ಷೆಯ ಕಡ್ಡಿ ಹಾಕಿ, ಅವರ ಕೈಯಲ್ಲಿ ಒದೆಸಿಕೊಂಡು, ಆಗ ತಾನೇ ದೋಣಿ ಇಳಿದು ಬಂದಿದ್ದೆ. ಹೊಟ್ಟೆ ಹಸಿದಿತ್ತು, ಸಿಟ್ಟೂ ಬಂದಿತ್ತು.

ಫ್ಲೂ ಅಂತ ವಾರ್ಡಿಗೆ ಸೇರಿದ್ದ ಮೆಲೆನೈತೆಯನ್ನು ಡಾಕ್ಟರ್ ಮನೆಗೆ ಕಳಿಸಿಬಿಟ್ಟರು ಎಂದಳು ಸಲೋಮೆ. ಮನೆ ಅಂದರೆ ಇಲ್ಲೇ ಪಕ್ಕದಲ್ಲಿಲ್ಲ. ಉತ್ತರದ ನಿಯುವಾ ದ್ವೀಪಕ್ಕೆ ಹಡಗಿನಲ್ಲಿ ಹೋಗಬೇಕು, ಅಲ್ಲಿ ಡಾಕ್ಟರೂ ಇಲ್ಲ, ಎಕ್ಸ್‌ರೇಯೂ ಇಲ್ಲ. ರಾತ್ರಿಯೆಲ್ಲ ಅವಳು ಚಳಿಯಿಂದ ಗಡಗಡ ನಡುಗಿದಳಂತೆ. ಎಡಗಡೆ ಪಕ್ಕೆ ಹಿಡಿದುಕೊಂಡೇ ಉಸಿರಾಡುತ್ತಿದ್ದಳಂತೆ. ಬೆಳಿಗ್ಗೆ ಜ್ವರ ಸ್ವಲ್ಪ ಇಳಿಯಿತು, ಅಷ್ಟಕ್ಕೇ ಹಡಗು ಹತ್ತುತ್ತೇನೆ, ಮಗು ಕಾಯುತ್ತಿದೆ ಎಂದು ಹಟ ಹಿಡಿದಳಂತೆ.

"ಇಷ್ಟೆಲ್ಲ ಆದ್ಮೇಲೂ ಡಾಕ್ಟರ್ ಹೆಂಗೆ ಬಿಟ್ರು?" ಎಂದೆ.

"ನಿಮ್ಮ ಲ್ಯಾಬಿನ ರಿಪೋರ್ಟ್ ಚೆನ್ನಾಗಿತ್ತಲ್ಲ, ಲೋಸಕ್ಕ. ಫ್ಲೂ ಇದೆ, ಉರಿಯೂತ ಇಲ್ಲ ಅಂತ ಬಂತು. ಬರೀ ಫ್ಲೂ ತಾನೇ, ಮಲಗಿದ್ರೆ ಹೋಗತ್ತೆ ಅಂದ್ರು."

"ರಾತ್ರಿ ನಡುಗಿದ್ದು, ಪಕ್ಕೆ ಹಿಡ್ಕೊಂಡಿದ್ದು, ಇದನ್ನೆಲ್ಲ ಲ್ಯಾಬಲ್ಲಿ ಹೇಳಿದ್ಯಾ?"

ಸಲೋಮೆ ನೆಲ ನೋಡಿದಳು. "ಅಲ್ಲಿ ಕೆಲೆಪಿ ಒಬ್ನೇ ಇದ್ದ. ಅವನ ಮುಂದೆ ಹೆಂಗೆ ಹೇಳ್ಲಿ?"

ನನ್ನ ಕೈ ಕೆಳಗೆ ಕೆಲಸ ಮಾಡುವ ಕೆಲೆಪಿ ಮೆಲೆನೈತೆಯ ಒಡಹುಟ್ಟಿದ ತಮ್ಮ. ತಮ್ಮನೆದುರು ಅಕ್ಕನ ಮೈಯ ಮಾತು ಎತ್ತುವವರು ನಮ್ಮ ಟೋಂಗಾದಲ್ಲಿ ಮಾನಗೆಟ್ಟವರು. ಅಕ್ಕ ಮಲಗಿರುವ ಕೋಣೆಗೆ ತಮ್ಮ ಕಾಲಿಡುವುದಿಲ್ಲ, ಅವಳ ಚಾಪೆಯ ಮೇಲೆ ಕೂರುವುದಿಲ್ಲ. ಈಗಿನ ಹುಡುಗರು ಇದನ್ನೆಲ್ಲ ಸಡಿಲ ಬಿಟ್ಟಿದ್ದಾರೆ, ಆದರೆ ಇವರ ಮನೆತನ ಬಿಟ್ಟಿಲ್ಲ. ಬೇರೆ ರೋಗಿಗಳ ರಕ್ತ ಬಂದರೆ ನರ್ಸುಗಳು ಕಿಟಕಿಗೆ ಒರಗಿಕೊಂಡು ಅವರ ಕೆಮ್ಮು, ಕಫ, ಹೆಂಡತಿಯ ಗೊಣಗಾಟ ಎಲ್ಲವನ್ನೂ ಒದರಿ ಹೋಗುತ್ತಾರೆ. ಮೆಲೆನೈತೆಯ ಟ್ಯೂಬನ್ನು ಮಾತ್ರ ಸಲೋಮೆ ಮುಖ ತಿರುಗಿಸಿ, ತುಟಿ ಬಿಗಿದುಕೊಂಡು ಕೊಟ್ಟು ಬಂದಿದ್ದಳು.

ನಾನು ಲ್ಯಾಬಿಗೆ ಓಡಿದೆ. ಕೆಲೆಪಿ ಸ್ಲೈಡ್ ತೊಳೆಯುತ್ತಾ ಯಾವುದೋ ಪ್ರಾರ್ಥನೆಯ ರಾಗ ಗುನುಗುತ್ತಿದ್ದ. ಅಕ್ಕ ಗುಣವಾಗಿ ಮನೆಗೆ ಹೊರಟಳೆಂಬ ಸಂತೋಷ ಪಾಪ. ಉರಿಯೂತ ಪತ್ತೆ ಮಾಡುವ ಅವಳ ಸಿ.ಆರ್.ಪಿ. ಪರೀಕ್ಷೆ ಮಾಡಿದವನು ನೀನೇ ತಾನೇ ಎಂದು ಕೇಳಿದೆ. ಅಕ್ಕನ ಹೆಸರು ಬಂದದ್ದೇ ತಲೆ ತಗ್ಗಿಸಿದ.

"ಮಾಡಿದೆ ಚಿಕ್ಕಮ್ಮ. ಹನಿ ಒಡೀಲಿಲ್ಲ. ಏನೂ ಇರ್ಲಿಲ್ಲ."

"ರಕ್ತದ ತಿಳಿಯನ್ನ ತೆಳು ಮಾಡಿ ಇನ್ನೊಂದ್ಸಲ ನೋಡಿದ್ಯಾ?"

ಇಲ್ಲ ಎಂದು ತಲೆಯಾಡಿಸಿದ. ರಾಶಿ ಟ್ಯೂಬುಗಳು, ಕಿಟ್ ಮುಗಿಯುತ್ತ ಬಂದಿದೆ, ಆದ್ದರಿಂದ ಅನುಮಾನ ಇದ್ದವರದ್ದು ಮಾತ್ರ ಎರಡನೇ ಸಲ ನೋಡುತ್ತಿದ್ದನಂತೆ. ಅವಳ ಬಗ್ಗೆ ಅನುಮಾನ ಹುಟ್ಟಿಸುವ ಒಂದು ಮಾತೂ ಅವನ ಕಿವಿಗೆ ಬಿದ್ದಿರಲಿಲ್ಲ. ಅವನನ್ನು ಬೈಯುವುದು ನ್ಯಾಯವಲ್ಲ ಅನ್ನಿಸಿತು.

ಉರಿಯೂತ ಎಷ್ಟಿದೆ ಎಂದು ಅಂಕಿಯಲ್ಲಿ ತೋರಿಸುವ ಯಂತ್ರ ಬಿಡಿಭಾಗಕ್ಕಾಗಿ ಕಾಯುತ್ತಾ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ನಮ್ಮ ಕೈಯಲ್ಲಿದ್ದದ್ದು ಹಳೆಯ ಪದ್ಧತಿ. ಕಪ್ಪು ಸ್ಲೈಡಿನ ಮೇಲೆ ರಕ್ತದ ತಿಳಿ ಒಂದು ಹನಿ, ಹಾಲಿನಂಥ ಲೇಟೆಕ್ಸ್ ಒಂದು ಹನಿ, ಕಲಸಿ, ಸ್ಲೈಡನ್ನು ತೊಟ್ಟಿಲಿನ ಹಾಗೆ ತೂಗಬೇಕು. ಮೈಯಲ್ಲಿ ಉರಿಯೂತವಿದ್ದರೆ ಹಾಲು ಒಡೆದ ಹಾಗೆ ಗರಣೆ ಕಟ್ಟುತ್ತದೆ. ಆದರೆ ಉರಿಯೂತ ಮಿತಿಮೀರಿದ್ದರೆ ಈ ಹನಿ ಸುಳ್ಳು ಹೇಳುತ್ತದೆ. ಔತಣದ ಮನೆಯಲ್ಲಿ ಎಲ್ಲರ ಎರಡೂ ಕೈಯಲ್ಲಿ ಗೆಣಸಿನ ಬುಟ್ಟಿ ಇದ್ದರೆ ಯಾರೂ ಯಾರ ಕೈಯನ್ನೂ ಹಿಡಿಯಲಾರರು, ಲೇಟೆಕ್ಸಿನ ಕಣಗಳೂ ಹಾಗೇ, ಒಂದಕ್ಕೊಂದು ಅಂಟುವುದಿಲ್ಲ. ತಿಳಿಯನ್ನು ತೆಳುವಾಗಿಸಿದರೆ ಮಾತ್ರ ನಿಜ ಗೊತ್ತಾಗುವುದು.

ಅವಳ ಟ್ಯೂಬು ಇನ್ನೂ ಸ್ಟ್ಯಾಂಡಿನಲ್ಲಿತ್ತು. ತಿಳಿಗೆ ಉಪ್ಪುನೀರು ಬೆರೆಸಿ, ಹನಿ ಬಿಟ್ಟು, ಸ್ಲೈಡನ್ನು ತೂಗಲು ಶುರುಮಾಡಿದೆ. ಕೆಲೆಪಿ ಪಕ್ಕದಲ್ಲಿ ನಿಂತ. ಬಂದರಿನಿಂದ ಹಡಗಿನ ಮೊದಲ ಕೂಗು ಕೇಳಿಸಿತು. ಆದರೂ ಬೇಗ ಬೇಗ ತೂಗುವ ಹಾಗಿಲ್ಲ. ದೇವರೇ, ನಾನು ಸುಮ್ಮನೆ ಗಾಬರಿ ಬಿದ್ದಿದ್ದೇನೆ ಎಂದಾಗಲಿ ಎಂದುಕೊಂಡೆ. ಅಷ್ಟರಲ್ಲಿ ಬಿಳಿ ಹನಿ ಒಡೆಯಿತು. ಸ್ವಲ್ಪ ಸ್ವಲ್ಪವಲ್ಲ, ಮರಳಿನಷ್ಟು ದಪ್ಪ ಗರಣೆ ಗರಣೆಯಾಗಿ ಒಡೆಯಿತು. ಇನ್ನಷ್ಟು ತೆಳು ಮಾಡಿ ನೋಡಿದೆ, ಆಗಲೂ ಒಡೆಯಿತು. ಫ್ಲೂ ಹಾಕಿದ ದಾರಿಯಲ್ಲಿ ಬೇರೆ ಸೋಂಕು ಹೊಕ್ಕು ಅವಳ ಎದೆಯನ್ನು ತಿನ್ನುತ್ತಿತ್ತು.

ಡಾಕ್ಟರ್ ಆಪರೇಷನ್ ಕೋಣೆಯಲ್ಲಿದ್ದರು. ಅವರು ಹೊರಗೆ ಬಂದ ಕ್ಷಣವೇ ತಿಳಿಸು, ಮಂಚ ಸಿದ್ಧವಿಡು ಎಂದು ಸಲೋಮೆಗೆ ಹೇಳಿ ನಾವಿಬ್ಬರೂ ವ್ಯಾನ್ ಹತ್ತಿದೆವು. ಕೆಲೆಪಿ ಓಡಿಸಿದ ರೀತಿಗೆ ದಾರಿಯ ಹಂದಿಗಳೆಲ್ಲ ಬೇಲಿ ಸೇರಿದವು.

ಮೆಲೆನೈತೆ ಹಡಗಿನ ಒಳಗೆ ಹೆಂಗಸರ ಪಾಲಿನ ಜಾಗದಲ್ಲಿ ಚಾಪೆ ಹಾಸಿ ಮಲಗಿದ್ದಳು. ತುಟಿ ಬೂದಿಬಣ್ಣಕ್ಕೆ ತಿರುಗಿತ್ತು. ಏಳು, ಆಸ್ಪತ್ರೆಗೆ ಹೋಗೋಣ ಎಂದೆ. ಬರುವುದಿಲ್ಲ ಎಂದಳು. ಮೊಲೆ ಬಿಡದ ಕೂಸನ್ನು ಅತ್ತೆಯ ಕೈಲಿ ಬಿಟ್ಟು ಬಂದಿದ್ದಾಳಂತೆ, ಮುಂದಿನ ಹಡಗು ಯಾವತ್ತೋ ಯಾರಿಗೆ ಗೊತ್ತು. ಗದರಿಸಿದೆ, ಬೇಡಿಕೊಂಡೆ. ಅವಳದ್ದು ಒಂದೇ ಮಾತು.

"ಪರೀಕ್ಷೆ ಮಾಡಿದ್ದು ನನ್ನ ತಮ್ಮ. ಏನೂ ಇಲ್ಲ ಅಂತ ಬರ್ದಿದಾನೆ. ಅವನು ನಂಗೆ ಸುಳ್ಳು ಹೇಳ್ತಾನಾ?"

ಹಡಗು ಎರಡನೇ ಸಲ ಕೂಗಿತು. ನಾನು ಹೊರಗೆ ಬಂದೆ. ಕೆಲೆಪಿ ಹಡಗಿಗೆ ಹತ್ತುವ ಹಲಗೆಯ ಬಳಿ ಬೆನ್ನು ತಿರುಗಿಸಿ ನಿಂತಿದ್ದ.

"ನನ್ನ ಮಾತು ಕೇಳಲ್ಲ ಅವಳು. ನೀನೇ ಬಾ."

"ಅಕ್ಕ ಮಲಗಿರೋ ಕಡೆ ನಾನು ಹೆಂಗೆ ಬರ್ಲಿ ಚಿಕ್ಕಮ್ಮ?"

"ಬರಬೇಡ. ಅವಳ ಹೆಣ ಮಲಗಿರುವಾಗಲೂ ಹೀಗೇ ಬಾಗಿಲಾಚೆ ನಿಂತ್ಕೋ."

ಕ್ರೂರವಾದ ಮಾತು, ಗೊತ್ತು. ಬೇಕೆಂದೇ ಆಡಿದೆ. ಅವನು ನಮ್ಮವರ ಪದ್ಧತಿಯಂತೆ ಮರ್ಯಾದೆಗೆಂದು ಸೊಂಟಕ್ಕೆ ಸುತ್ತಿದ್ದ ಚಾಪೆಯನ್ನು ಬಿಗಿ ಮಾಡಿಕೊಂಡು, ತಲೆ ತಗ್ಗಿಸಿ ಒಳಗೆ ಬಂದ. ಅವನನ್ನು ನೋಡಿದ್ದೇ ಹೆಂಗಸರ ಮಾತು ನಿಂತಿತು. ಮೆಲೆನೈತೆ ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡು ಗೋಡೆಯ ಕಡೆ ಹೊರಳಿದಳು. ಅವಳ ಚಾಪೆಯಿಂದ ದೂರದಲ್ಲೇ ಅವನು ನೆಲಕ್ಕೆ ಕೂತ.

"ಅಕ್ಕಾ, ನನ್ನ ಪರೀಕ್ಷೆ ತಪ್ಪಾಗಿತ್ತು," ಎಂದ. "ನಿನ್ನ ಎದೆ ಒಳಗೆ ಕೆಟ್ಟ ಸೋಂಕು ಸೇರ್ಕೊಂಡಿದೆ. ಬೇರೆ ಯಾರದ್ದಾದ್ರೂ ಆಗಿದ್ರೆ ಕಫ ಹೆಂಗಿದೆ, ಎಲ್ಲಿ ನೋವು ಅಂತ ಕೇಳ್ತಿದ್ದೆ. ನೀನು ನನ್ನ ಅಕ್ಕ ಅಂತ ಕೇಳ್ಲಿಲ್ಲ."

"ಎಲ್ರ ಮುಂದೆ ಆಡೋ ಮಾತೇನೋ ಇದು?" ಗೋಡೆಗೇ ಹೇಳಿದಳು. ಉಸಿರು ಸಾಲದೆ ಮಾತು ಎರಡು ತುಂಡಾಯಿತು.

"ಬೈಕೋ. ಹೊಡಿ ಬೇಕಾದ್ರೆ. ನೀನು ಏಳೋವರೆಗೂ ನಾನು ಇಳಿಯಲ್ಲ."

ಅವಳು ಏಳಲು ನೋಡಿದಳು. ಮೊಣಕೈ ಊರಿದಳು, ಪಕ್ಕೆಯ ನೋವಿಗೆ ಹಾಗೇ ಕುಸಿದಳು. ಹಿಡಿಯಲು ಹೋದ ನನ್ನನ್ನು ಕೈಯಾಡಿಸಿ ತಡೆದು, ಮೊದಲ ಸಲ ತಮ್ಮನ ಕಡೆ ನೋಡಿದಳು. ನಮ್ಮಲ್ಲಿ ಅಕ್ಕನ ಮಾತಿಗೆ ತಮ್ಮ ಎದುರಾಡುವಂತಿಲ್ಲ.

"ಎತ್ಕೋ," ಎಂದಳು.

ಎತ್ತಿಕೊಂಡ. ತಿಳಿವಳಿಕೆ ಬಂದ ಮೇಲೆ ಅಕ್ಕನ ಕೈಬೆರಳನ್ನೂ ಮುಟ್ಟದ ಹುಡುಗ ಅವಳನ್ನು ಎದೆಗೆ ಒತ್ತಿಕೊಂಡು ಹಲಗೆ ಇಳಿದ. ಅವನ ಕಣ್ಣೀರು ಅವಳ ಕೂದಲ ಮೇಲೆ ಬೀಳುತ್ತಿತ್ತು. ಹಡಗಿನ ಹೆಂಗಸರು, ಕೂಲಿಯವರು, ಕ್ಯಾಪ್ಟನ್ ಕೂಡ ಅವರಿಬ್ಬರ ಮರ್ಯಾದೆಗಾಗಿ ಮುಖವನ್ನು ಸಮುದ್ರದ ಕಡೆ ತಿರುಗಿಸಿಕೊಂಡರು.

ಡಾಕ್ಟರ್ ಆ ಮಧ್ಯಾಹ್ನವೇ ಅವಳ ಪಕ್ಕೆಗೆ ಕೊಳವೆ ಹಾಕಿ ಕೀವು ತೆಗೆದರು. ಒಂದು ಹಗಲು ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು. ಕೂಸು ಅಲ್ಲಿ ಅತ್ತೆಯ ಮಡಿಲಲ್ಲಿ ಡಬ್ಬದ ಹಾಲು ಕುಡಿಯುತ್ತಿದೆ ಎಂದು ರೇಡಿಯೋದಲ್ಲಿ ಸುದ್ದಿ ಬಂತು, ಅದನ್ನು ಕೇಳಿ ಮೆಲೆನೈತೆ ಬಿಕ್ಕಿಬಿಕ್ಕಿ ಅತ್ತಳು.

ಇನ್ನು ಮುಂದೆ ಅಕ್ಕನ ನೋವು ವಿಚಾರಿಸಲು ಕೆಲೆಪಿ ನನ್ನನ್ನೇ ಕಳಿಸುತ್ತಾನೆ ಎಂದುಕೊಂಡಿದ್ದೆ. ಮರುದಿನ ಬೆಳಿಗ್ಗೆ ಅವಳ ಹೊಸ ರಕ್ತದ ಟ್ಯೂಬು ಬಂದಾಗ ಅವನು ಅದನ್ನು ಮುಟ್ಟದೆ ಹೆಂಗಸರ ವಾರ್ಡಿನತ್ತ ನಡೆದ. ಹೊಸ್ತಿಲ ಆಚೆಯೇ ನಿಂತು, ಕಣ್ಣು ನೆಲಕ್ಕಿಟ್ಟು, ಇಡೀ ವಾರ್ಡಿಗೆ ಕೇಳುವಂತೆ ಕೇಳಿದ.

"ಅಕ್ಕಾ, ಉಸಿರಾಡುವಾಗ ನೋವು ಹೆಂಗಿದೆ?"

ಮಂಚಗಳಲ್ಲಿದ್ದ ಹೆಂಗಸರೆಲ್ಲ ಬಾಗಿಲ ಕಡೆ ತಿರುಗಿದರು. ಮೆಲೆನೈತೆ ಹೊದಿಕೆಯನ್ನು ಸರಿಮಾಡಿಕೊಂಡಳು.

"ಎಡಗಡೆ ಇನ್ನೂ ಇದೆ ಕಣೋ," ಎಂದಳು. "ಬರ್ಕೋ."