ಬಳಿದು ಬರೆದ ಹೆಸರು

ಪಾತ್ರೆಯ ತಳಕ್ಕೆ ಹತ್ತಿದ್ದ ಮಸಿಯನ್ನು ನೆರೈದಾ ಮರಳು ಹಾಕಿ ತಿಕ್ಕುತ್ತಿದ್ದಳು. ಅಂಗಳದ ಆಚೆ ಬದಿಯಲ್ಲಿ ಅವಳ ತಾಯಿ ಫೆಲಿಪಾ ಜೋಳದ ಹಿಟ್ಟನ್ನು ಅಂಗೈಯಲ್ಲಿ ತಟ್ಟಿ ಅರೆಪಾ ರೊಟ್ಟಿಗಳನ್ನು ಕಾವಲಿಗೆ ಹಾಕುತ್ತಿದ್ದಳು. ಇಬ್ಬರ ನಡುವೆ ಮಾತಿರಲಿಲ್ಲ. ಬಾಯಿ ತೆರೆದರೆ ಹೊಗೆ ಒಳಗೆ ಹೋಗುತ್ತಿತ್ತು. ಗಾಳಿ ನಿಲ್ಲುವುದೆಂಬುದೇ ಆ ಊರಿನಲ್ಲಿಲ್ಲ. ಸಮುದ್ರದ ಕಡೆಯಿಂದ ನುಗ್ಗಿ ಬಂದು ಒಲೆಯ ಹೊಗೆಯನ್ನು ಒಮ್ಮೆ ತಾಯಿಯ ಮುಖಕ್ಕೆ, ಒಮ್ಮೆ ಮಗಳ ಮುಖಕ್ಕೆ ತಿರುಗಿಸುತ್ತಿತ್ತು. ಖಾಲಿ ಗ್ಯಾಸ್ ಸಿಲಿಂಡರು ಮೂಲೆಯಲ್ಲಿ ಅಡ್ಡ ಬಿದ್ದಿತ್ತು. ಮೇಕೆಮರಿಯೊಂದು ಅದರ ಮೇಲೆ ಹತ್ತಿ, ಜಾರಿ, ಮತ್ತೆ ಹತ್ತುತ್ತಿತ್ತು. ಗೋಡೆಯ ಆಚೆ ಕಚ್ಚಾ ಎಣ್ಣೆ ಸಂಸ್ಕರಿಸುವ ಕಾರ್ಖಾನೆಯ ಎತ್ತರದ ಕೊಳವೆಯ ತುದಿಯಲ್ಲಿ ಬೇಡದ ಅನಿಲ ಹಗಲಿನಲ್ಲೂ ಧಗಧಗ ಉರಿಯುತ್ತಿತ್ತು.

"ಫೆಲಿಪಾ, ಇನ್ನೂ ಸೌದೆ ಊದ್ತಾ ಕೂತಿದ್ದೀಯೇನೇ?"

ಪಕ್ಕದ ಮನೆಯ ಬ್ರೀಹಿದಾ ಯಾವತ್ತೂ ಬಾಗಿಲು ತಟ್ಟಿ ಬಂದವಳಲ್ಲ. ಕಂಕುಳಲ್ಲಿ ರೇಡಿಯೊ ಇಟ್ಟುಕೊಂಡು ನೇರ ಅಂಗಳಕ್ಕೇ ಬಂದಳು.

"ಮಗ ಎಣ್ಣೆ ಹಡಗು ಹತ್ತಿ ಕರೆಂಟಿಲ್ಲದ ಆ ದ್ವೀಪದೋರ ಮನೆಮನೆಗೂ ದೀಪ ಹಚ್ಚೋಕೆ ಹೋಗಿದ್ದಾನೆ. ನೀನಿಲ್ಲಿ ಕಣ್ಣು ಕಳ್ಕೋ."

"ಹೋಗೇ ಮಾರಾಯ್ತಿ," ಫೆಲಿಪಾ ನಕ್ಕಳು. "ನಮ್ಮ ಎಣ್ಣೆ ಹೋಗ್ಲಿಲ್ಲ ಅಂದ್ರೆ ಅವರ ಆಸ್ಪತ್ರೆನೂ ನಡೆಯಲ್ಲ. ಹೋದ ಸಲ ಬಂದಾಗ ದನೀಲೊನೇ ಹೇಳಿದ್ದು. ಹಡಗು ಕಂಡ ಕೂಡಲೇ ಜನ ಕಟ್ಟೆ ಮೇಲೆ ನಿಂತು ಚಪ್ಪಾಳೆ ಹೊಡೆದ್ರಂತೆ. 'ವೆನೆಜುವೆಲಾ ಬಂತು, ವೆನೆಜುವೆಲಾ ಬಂತು' ಅಂತ ಮಕ್ಕಳು ಕುಣಿದ್ವಂತೆ."

"ನಾನೂ ಕುಣೀತೀನಿ ಬಿಡು, ನಮ್ಮ ಬೀದಿಗೆ ಗ್ಯಾಸಿನ ಲಾರಿ ಬರ್ಲಿ."

ನೆರೈದಾ ತಲೆ ಎತ್ತದೆ ನಕ್ಕಳು. ಬ್ರೀಹಿದಾ ಬಂದರೆ ಅವಳಿಗೆ ಇಷ್ಟ. ಎಲ್ಲ ಮಾತನ್ನೂ ಅವಳೇ ಆಡಿ ಮುಗಿಸುತ್ತಿದ್ದುದರಿಂದ ತಾನು ಆಡಬೇಕಾದ್ದೇ ಇರುತ್ತಿರಲಿಲ್ಲ. ಆದರೆ ಇಂದು ಬ್ರೀಹಿದಾ ಕೂರಲಿಲ್ಲ. ರೇಡಿಯೊವನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಿಸಿದಳು.

"ಅರೂಬಾ ರೇಡಿಯೊದವರು ಹೇಳ್ತಿದ್ರು ಕಣೇ. ಎಣ್ಣೆ ಹಡಗೊಂದಕ್ಕೆ ಬೆಂಕಿ ಬಿದ್ದಿದೆಯಂತೆ. ದ್ವೀಪಕ್ಕೇ ಹೋಗ್ತಿದ್ದದ್ದಂತೆ. ಒಳಗಿದ್ದೋರು ಏನಾದ್ರು ಅಂತ ಗೊತ್ತಿಲ್ಲ."

ಫೆಲಿಪಾಳ ಅಂಗೈಯಲ್ಲಿದ್ದ ಹಿಟ್ಟು ಅರ್ಧ ತಟ್ಟಿ ಹಾಗೇ ನಿಂತಿತು. "ಹೆಸರೇನಂತೆ?"

"ಓರಿಯನ್."

"ಓರಿಯನ್ನಾ?" ಫೆಲಿಪಾ ಉಸಿರು ಬಿಟ್ಟು ಹಣೆಗೂ ಎದೆಗೂ ಶಿಲುಬೆಯ ಗುರುತು ಮಾಡಿಕೊಂಡಳು. ಹಣೆಗೆ ಹಿಟ್ಟು ಮೆತ್ತಿತು. "ಒಂದು ನಿಮಿಷ ಜೀವ ಹೋಗಿ ಬಂತು ನೋಡು. ನಮ್ಮದು ರೊಸಾಲಿಯಾ."

ನೆರೈದಾಳ ಬೆರಳಿನ ಕೆಳಗೆ ಮರಳು ಕರಕರ ಎನ್ನುವುದು ನಿಂತಿತು.

ಹಡಗು ಹೊರಡುವ ಹಿಂದಿನ ದಿನ ಅವಳು ತಾರಸಿಯ ಮೇಲೆ ಬಟ್ಟೆ ಒಣಹಾಕಲು ಹೋಗಿದ್ದಳು. ಬಂದರಿನ ಆಚೆ ತುದಿಗೆ ನಿಲ್ಲಿಸಿದ್ದ ರೊಸಾಲಿಯಾದ ಹಿಂಬದಿ ಊರಿನಲ್ಲಿ ಬೇರೆಲ್ಲಿಂದಲೂ ಕಾಣುತ್ತಿರಲಿಲ್ಲ, ಅವರ ತಾರಸಿಯಿಂದ ಮಾತ್ರ ಕಾಣುತ್ತಿತ್ತು. ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಒಬ್ಬ ಕೂತು ಹಡಗಿನ ಹೆಸರಿನ ಮೇಲೆ ಕಪ್ಪು ಬಣ್ಣ ಬಳಿಯುತ್ತಿದ್ದ. ಬಣ್ಣ ಒಣಗಿದ ಮೇಲೆ ಬಿಳಿಯದರಲ್ಲಿ ಬೇರೆ ಹೆಸರು ಬರೆದ. ಬಟ್ಟೆಯೆಲ್ಲ ಒಣಗಿ ಹೋದರೂ ನೆರೈದಾ ಅಲ್ಲೇ ನಿಂತು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಶಾಲೆ ಬಿಟ್ಟ ಮೇಲೆ ಅವಳಿಗೆ ಓದು ಹಾಗೆಯೇ, ಕಲ್ಲುಗಳ ಮೇಲೆ ಕಾಲಿಟ್ಟು ಹಳ್ಳ ದಾಟುವ ಹಾಗೆ. ತಿರುಗಿದರೆ ಅಣ್ಣ ದನೀಲೊ ಮೆಟ್ಟಿಲಿನಲ್ಲಿ ನಿಂತಿದ್ದ.

"ಓದಿಬಿಟ್ಯಾ?" ಎಂದ. ಅವಳು ತಲೆಯಾಡಿಸಿದಳು. ಅವನು ಜೋರಾಗಿ ನಕ್ಕ. "ನೋಡಿದ್ದು ನೀನಾದ್ದರಿಂದ ಸರಿಹೋಯ್ತು. ನಿನಗೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ. ನಮ್ಮ ಎಣ್ಣೆ ಹೊತ್ತ ಹಡಗುಗಳ ಹೆಸರನ್ನೆಲ್ಲ ನಮಗೆ ವ್ಯಾಪಾರ ತಡೆ ಹಾಕಿರೋ ಹೊರದೇಶದವರು ಗುರುತು ಹಾಕ್ಕೊಂಡಿದ್ದಾರೆ ಕಣೇ. ರೊಸಾಲಿಯಾ ಅಂದ್ರೆ ನಡುದಾರೀಲೇ ಹಿಡೀತಾರೆ. ಹೊರಗೆ ಬಾಯಿಬಿಟ್ರೆ ಕಂಪನಿಯವರು ನನ್ನನ್ನ ಒಳಗೆ ಹಾಕಿಸ್ತಾರೆ. ಅಮ್ಮನಿಗಂತೂ ಹೇಳ್ಲೇಬೇಡ. ಹೆಸರು ಬದಲಾಯಿಸಿದ ಹಡಗು ಹತ್ತಬಾರದು ಅಂತ ಬಾಗಿಲಿಗೆ ಅಡ್ಡ ಮಲಗ್ತಾಳೆ."

ಅವನು ಹೇಳಿದ್ದು ನಿಜವೇ. ಆ ಊರಿನ ತಾಯಂದಿರು ಕಡಲಿಗರನ್ನು ಕಾಯುವ ಕಾರ್ಮೆನ್ ಮಾತೆಯ ಮುಂದೆ ಮೇಣದಬತ್ತಿ ಹಚ್ಚುವಾಗ ಮಗನ ಹೆಸರು ಹೇಳುವುದಿಲ್ಲ, ಹಡಗಿನ ಹೆಸರು ಹೇಳುತ್ತಾರೆ. ಅಷ್ಟು ದೊಡ್ಡ ನೀರಿನಲ್ಲಿ ಮಾತೆ ಒಬ್ಬೊಬ್ಬ ಹುಡುಗನನ್ನು ಎಲ್ಲಿ ಹುಡುಕಬೇಕು? ಹಡಗನ್ನು ನೋಡುತ್ತಾಳೆ. ಫೆಲಿಪಾ ಪ್ರತಿ ಸಂಜೆ "ರೊಸಾಲಿಯಾ, ರೊಸಾಲಿಯಾ" ಎನ್ನುವಾಗ ಹಿಂದೆ ಕೂತ ನೆರೈದಾ ತುಟಿ ಅಲುಗದಂತೆ ಇನ್ನೊಂದು ಹೆಸರು ಹೇಳಿಕೊಳ್ಳುತ್ತಿದ್ದಳು.

"ಯಾವ ತಾಯಿ ಮಕ್ಕಳೋ ಏನೋ," ಫೆಲಿಪಾ ಕೈ ಒರೆಸಿಕೊಂಡು ಎದ್ದಳು. "ನಮ್ಮದಲ್ಲ ಅಂತ ಸುಮ್ನೆ ಕೂರೋಕಾಗುತ್ತಾ? ನಡಿಯೇ ಬ್ರೀಹಿದಾ, ಚರ್ಚಿಗೆ ಹೋಗೋಣ. ಪಾದ್ರಿಗಳ ಹತ್ರ ಹೇಳಿ ಅವರಿಗಾಗಿ ಪ್ರಾರ್ಥನೆ ಮಾಡ್ಸೋಣ. ನೆರೈದಾ, ಆ ರೊಟ್ಟಿ ಬಟ್ಟೇಲಿ ಕಟ್ಟು. ಬಂದೋರಿಗೆ ಕೊಡೋಣ."

ನೆರೈದಾ ರೊಟ್ಟಿ ಕಟ್ಟಿದಳು, ಬಿಚ್ಚಿದಳು, ಮೇಕೆ ಹಾಲಿನ ಚೀಸು ಮರೆತದ್ದು ನೆನಪಾಗಿ ಇಟ್ಟು ಮತ್ತೆ ಕಟ್ಟಿದಳು. ಗಂಟು ನಿಲ್ಲುತ್ತಿರಲಿಲ್ಲ.

ದಾರಿಯುದ್ದಕ್ಕೂ ಅವಳ ಕಾಲು ಒಂದೇ ವೇಗದಲ್ಲಿ ನಡೆಯಲೊಲ್ಲದು. ತಾಯಿಯನ್ನು ದಾಟಿ ಮುಂದೆ ಹೋಗುವಳು, ನಿಲ್ಲುವಳು, ಹಿಂದೆ ಬೀಳುವಳು. ಹೇಳಿದರೆ ಆಗುವುದೇನು? ಓರಿಯನ್ ಎಂಬ ಹೆಸರಿನ ಹಡಗು ಇನ್ನೊಂದಿರಬಹುದು. ಅಣ್ಣ ಈಗ ಆ ದ್ವೀಪದ ಕಟ್ಟೆಯ ಮೇಲೆ ಕೂತು ಮಕ್ಕಳಿಗೆ ಕಣ್ಣು ಮಿಟುಕಿಸುತ್ತಿರಬಹುದು. ತಾನು ಬಾಯಿಬಿಟ್ಟರೆ ಅವನು ಕ್ಷೇಮವಾಗಿ ಬಂದಿಳಿದ ದಿನವೇ ಪೊಲೀಸರು ಕಾದಿರುತ್ತಾರೆ. ಹೇಳದಿದ್ದರೆ, ಅಮ್ಮ ತನ್ನ ಮಗನಿಗಾಗಿಯೇ, ಪರರ ಮಗನೆಂದುಕೊಂಡು, ಪ್ರಾರ್ಥಿಸುತ್ತಾಳೆ. ಗಾಳಿ ಲಂಗವನ್ನು ಕಾಲಿಗೆ ಸುತ್ತಿ ಸುತ್ತಿ ಬಿಡುತ್ತಿತ್ತು.

"ಏನೇ ಅದು, ಇರುವೆ ಹತ್ತಿದ ಹಾಗೆ ನಡೀತೀಯಾ?" ಎಂದಳು ಬ್ರೀಹಿದಾ.

ಚರ್ಚಿನಲ್ಲಿ ಆಗಲೇ ನಾಲ್ಕಾರು ಹೆಂಗಸರು ಸೇರಿದ್ದರು. ಎಲ್ಲರೂ ರೇಡಿಯೊ ಕೇಳಿ ಬಂದವರೇ, ಎಲ್ಲರೂ ತಮ್ಮದಲ್ಲ ಎಂದು ತಿಳಿದು ಬಂದವರೇ. ಅವರ ಮುಖಗಳಲ್ಲಿ ಮರುಕವಿತ್ತು, ಮರುಕದ ಅಡಿಯಲ್ಲಿ ಸಮಾಧಾನವೂ ಇತ್ತು. ನೆರೈದಾ ಕಂಬಕ್ಕೆ ಬೆನ್ನು ಕೊಟ್ಟು ನಿಂತು ಒಬ್ಬೊಬ್ಬರನ್ನೇ ನೋಡಿದಳು. ಮುದಿ ಪಾದ್ರಿ ಇಗ್ನಾಸಿಯೊ ಬತ್ತಿ ಹಚ್ಚಲು ಕಡ್ಡಿ ಗೀರಿದರು, ಗಾಳಿಗೆ ಆರಿತು, ಇನ್ನೊಂದು ಗೀರಿದರು.

"ಹಡಗಿನ ಹೆಸರು ಯಾರು ಹೇಳ್ತೀರಿ? ತಾಯಿಯಾದೋಳೇ ಹೇಳ್ಬೇಕು. ಅವರ ತಾಯಂದಿರು ಇಲ್ಲಿಲ್ಲ."

"ನಾನು ಹೇಳ್ತೀನಿ ಸ್ವಾಮಿ," ಎಂದಳು ಫೆಲಿಪಾ. "ನನ್ನ ಮಗನೂ ನೀರಿನ ಮೇಲೇ ಇದ್ದಾನೆ." ಮಂಡಿಯೂರಿ, ಹಣೆಯ ಮೇಲೆ ಇನ್ನೂ ಹಿಟ್ಟಿನ ಗುರುತು ಹೊತ್ತು, ಕಣ್ಣು ಮುಚ್ಚಿದಳು. "ತಾಯಿ ಕಾರ್ಮೆನ್, ನನ್ನ ರೊಸಾಲಿಯಾ ಚೆನ್ನಾಗಿದೆ, ಅದನ್ನ ಒಂದು ಗಳಿಗೆ ಬಿಟ್ಟು ಆ ಇನ್ನೊಂದರ ಕಡೆ ನೋಡು..."

"ಅಮ್ಮ, ಬೇಡ."

ಚರ್ಚಿನೊಳಗೆ ತನ್ನ ದನಿ ಅಷ್ಟು ದೊಡ್ಡದಾಗಿ ಕೇಳೀತೆಂದು ನೆರೈದಾಗೆ ಗೊತ್ತಿರಲಿಲ್ಲ. ಎಲ್ಲರೂ ತಿರುಗಿದರು.

"ರೊಸಾಲಿಯಾ ಬಿಡು ಅಂತ ಹೇಳ್ಬೇಡ. ಎರಡೂ ಒಂದೇ ಹಡಗು. ಹೆಸರು ಅಳಿಸಿ ಬರೆದ್ರು. ನಾನು ತಾರಸಿಯಿಂದ ಓದಿದೆ."

"ಏನಂತಾಳೆ ಇವಳು?" ಯಾರೋ ಕೇಳಿದರು. "ಬಿಸಿಲು ಹೊಡೆದಿರ್ಬೇಕು," ಎಂದರು ಇನ್ಯಾರೋ. ಬ್ರೀಹಿದಾ ಮಾತ್ರ ಫೆಲಿಪಾಳ ಮುಖ ನೋಡಿದಳು.

ಫೆಲಿಪಾ ಎದ್ದಳು. ಮಗಳ ಮುಖ ನೋಡಲಿಲ್ಲ. ಹೊರಗೆ ಬಂದು ಬಂದರಿನ ರಸ್ತೆ ಹಿಡಿದಳು. ನೆರೈದಾ ಹಿಂದೆ ಓಡಿದಳು, ಅವಳ ಹಿಂದೆ ಉಳಿದ ಹೆಂಗಸರು. ರೊಟ್ಟಿಯ ಗಂಟು ಚರ್ಚಿನಲ್ಲೇ ಉಳಿಯಿತು.

ಬಂದರಿನ ಗೇಟಿನಲ್ಲಿ ಇಬ್ಬರು ಕಾವಲುಗಾರರು ನೆರಳಿನಲ್ಲಿ ಕೂತಿದ್ದರು. ಅವರಲ್ಲಿ ದಪ್ಪಗಿದ್ದವನ ಹೆಸರು ಹಸಿಂತೊ. ದನೀಲೊನ ಜೊತೆ ಬೇಸ್‌ಬಾಲ್ ಆಡಿ ಬೆಳೆದವನು.

"ಓಹೋ, ಫೆಲಿಪಮ್ಮ! ಮೆರವಣಿಗೆ ಕಟ್ಕೊಂಡೇ ಬಂದ್ರಲ್ಲ. ಗ್ಯಾಸು ಕೇಳೋಕಾ? ಅದು ಈ ಗೇಟಲ್ಲ."

"ರೊಸಾಲಿಯಾ ಎಲ್ಲಿದೆ ಹಸಿಂತೊ?"

ಅವನ ನಗು ಮುಖದ ಮೇಲೇ ಉಳಿಯಿತು, ಕಣ್ಣಿನಿಂದ ಹೋಯಿತು. ನೆರೈದಾ ಅದನ್ನು ಕಂಡಳು. ಅವನು ಒಳಗಿನ ಕಚೇರಿಯ ಕಿಟಕಿಯತ್ತ ನೋಡಿದ. ಅಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದ ಇಸ್ತ್ರಿ ಅಂಗಿಯವನೊಬ್ಬ ಪರದೆ ಎಳೆದ.

"ಆ ಹೆಸರಿನ ಹಡಗು ಈಗ ಇಲ್ಲಮ್ಮ."

"ಈಗ ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ. ನಮ್ಮಲ್ಲಿಲ್ಲ." ಟೋಪಿ ತೆಗೆದ, ಒಳಗೆ ನೋಡಿದ, ಮತ್ತೆ ಹಾಕಿಕೊಂಡ. "ಮನೆಗೆ ಹೋಗಿ. ಏನಾದ್ರೂ ಇದ್ರೆ ಅವರೇ ಹೇಳಿಕಳಿಸ್ತಾರೆ."

"ಹೋದ ವಾರ ನಸುಕಿನ ಕತ್ತಲಲ್ಲಿ ನಾನು ಈ ಗೇಟಿನಲ್ಲೇ ನಿಂತು ಅವನಿಗೆ ಕೈ ಬೀಸಿದೆ. ನೀನೂ ಬೀಸಿದೆ. ಯಾವ ಹಡಗಿಗೆ ಬೀಸಿದೆ ಹೇಳಪ್ಪ."

ಹಸಿಂತೊ ಕಂಬಿಯ ಬಾಗಿಲನ್ನು ಮೆಲ್ಲಗೆ, ಸದ್ದಾಗದಂತೆ, ಮುಚ್ಚಿದ. ಇನ್ನೊಬ್ಬ ಕಾವಲುಗಾರ ಎದ್ದು ಬೇರೆ ಕಡೆ ಹೋದ. ಬಂದರಿನೊಳಗೆ ಮತ್ತೊಂದು ಹಡಗಿಗೆ ಕೊಳವೆ ಸಿಕ್ಕಿಸಿದ್ದರು. ಡೀಸೆಲ್ ಹರಿಯುವ ಗುಂಯ್‌ಗುಡುವಿಕೆ ಕಾಲಡಿಯ ನೆಲದಲ್ಲಿ ಕೇಳುತ್ತಿತ್ತು. ದ್ವೀಪದವರು ಕತ್ತಲಲ್ಲಿ ಕಾಯುತ್ತಿರಬೇಕು. ನೆರೈದಾ ಕಣ್ಣು ಕಿರಿದು ಮಾಡಿ ಆ ಹಡಗಿನ ಹಿಂಬದಿಯನ್ನು ನೋಡಿದಳು. ಹಲಗೆಯ ಮೇಲೆ ಒಬ್ಬ ಕೂತಿದ್ದ, ಪಕ್ಕದಲ್ಲಿ ಬಣ್ಣದ ಡಬ್ಬಿ ತೂಗಾಡುತ್ತಿತ್ತು.

ಫೆಲಿಪಾ ಕೊನೆಗೆ ಮಗಳ ಕಡೆ ತಿರುಗಿದಳು. ಎರಡೂ ಕೈಗಳಿಂದ ಅವಳ ತೋಳು ಹಿಡಿದಳು. ಹಿಡಿತದಲ್ಲಿ ಸಿಟ್ಟಿರಲಿಲ್ಲ.

"ನೀನು ಸರಿಯಾಗಿ ಓದೋಕೆ ಕಲಿತೋಳಲ್ಲ ಮಗಳೇ. ಅಷ್ಟು ದೂರ ಬೇರೆ, ಬಿಸಿಲು ಬೇರೆ, ಯಾರಿಗಾದ್ರೂ ಕಣ್ಣಿಗೆ ಕತ್ತಲೆ ಕಟ್ಟುತ್ತೆ. ನಾನು ಬೈಯಲ್ಲ." ಗಾಳಿ ಅವಳ ಮಾತನ್ನು ಚೂರು ಚೂರಾಗಿ ಒಯ್ಯುತ್ತಿತ್ತು. ಹೆಂಗಸರೆಲ್ಲ ಹತ್ತಿರ ಸರಿದರು. "ತಪ್ಪು ಓದಿದೆ ಅಂತ ಹೇಳು, ನೆರೈದಾ."