ಸಜ್ಜಾದ ಕೆಳಗಿನ ಕಣ್ಣು

ಗೇಟಿನ ಕಂಬಿಗಳ ನೆರಳು ರಂಗೋಲಿ ಇರಬೇಕಾಗಿದ್ದ ಜಾಗದ ಮೇಲೆ ಬಿದ್ದಿದೆ, ಬರೀ ನೆಲ, ನೀರು ಚಿಮುಕಿಸಿ ಆರಿದ ಗುರುತು, ಕಲ್ಲಿನ ಸಂದಿಯಲ್ಲಿ ಒಂದು ಚಿಟಿಕೆ ಬಿಳಿ ಪುಡಿ, ಅಷ್ಟನ್ನು ಮಾತ್ರ ಯಾಕೆ ಬಿಟ್ಟನೋ ಪುಣ್ಯಾತ್ಮ, ಅದನ್ನೂ ಉಗುರಿನಲ್ಲಿ ಕೆರೆದು ತೆಗೆಯಬಹುದಿತ್ತು — ಸ್ಟೂಲು ಅಲುಗುತ್ತಿದೆ, ಇದರ ಒಂದು ಕಾಲು ಕುಂಟು, ರೀ ಹುಷಾರು ಎಂದು ಕೆಳಗಿನಿಂದ ನನ್ನ ಹೆಂಡತಿ ಶಕುಂತಲ, ಸುಮ್ನೆ ಹಿಡ್ಕೊಂಡಿರು, ಮಾತಾಡ್ಬೇಡ — ಇಲ್ಲಿ, ಈ ಸಜ್ಜಾದ ಕೆಳಗೆ ಕ್ಯಾಮೆರಾ ಕೂರಿಸಿದರೆ ನಮ್ಮ ಗೇಟು ಪೂರ್ತಿ ಸಿಗುತ್ತದೆ, ಗೇಟಿನ ಮುಂದಿನ ನೆಲ ಸಿಗುತ್ತದೆ, ಎದುರಿನ ದೀಪದ ಕಂಬ ಸಿಗಬಾರದು, ದೀಪ ನೇರವಾಗಿ ಕಣ್ಣಿಗೆ ಬಿದ್ದರೆ ಮಿಕ್ಕದ್ದೆಲ್ಲ ಕಪ್ಪಾಗುತ್ತದೆ, ಸ್ವಲ್ಪ ಬಲಕ್ಕೆ ತಿರುಗಿಸಿದರೆ ಪಕ್ಕದ ಮನೆ ನಂಜುಂಡಯ್ಯನವರ ಗೇಟೂ ಸಿಗುತ್ತದೆ, ಸಿಗಬೇಕು, ಇಷ್ಟೆಲ್ಲ ಒದ್ದಾಟ ಅದಕ್ಕೇ, ಅವರು ತಂಬಿಗೆ ಹಿಡಿದು ಹೊರಗೆ ಬರುವುದು, ನಮ್ಮ ಬಾಗಿಲ ಮುಂದೆ ನಿಲ್ಲುವುದು, ಬಗ್ಗುವುದು, ನೀರು ಸುರಿಯುವುದು, ಎಲ್ಲ ಒಂದೇ ಚೌಕಟ್ಟಿನಲ್ಲಿ ಬರಬೇಕು, ನಾನಲ್ಲ ಎನ್ನಲು ಬಾಯಿ ಇರಬಾರದು. ಕೇಬಲ್ಲು ಕಿಟಕಿಯ ಮೂಲೆಯಿಂದ ಒಳಗೆ, ಒಳಗೆ ಹಳೆಯ ಕಪ್ಪುಬಿಳುಪು ಟೀವಿ, ಕಲರ್ ಟೀವಿ ಬಂದ ಮೇಲೆ ಮೂಲೆ ಸೇರಿದ್ದ ಅದಕ್ಕೂ ಒಂದು ಕೆಲಸ ಸಿಕ್ಕಿತು, ಪಕ್ಕದಲ್ಲಿ ಬಾಡಿಗೆಗೆ ತಂದ ವಿಸಿಆರ್, ಸಿನಿಮಾನಾ ಸಾರ್ ಎಂದು ಕೇಳಿದ ಅಂಗಡಿಯವನು, ಹೌದು, ಸಿನಿಮಾನೇ, ಭಾನುವಾರ ಇದೇ ಜಗಲಿ ಮೇಲೆ ಟೀವಿ ಇಟ್ಟು ಇಡೀ ಬೀದಿಗೆ ತೋರಿಸುತ್ತೇನೆ, ಬನ್ನಿ, ಕೂತ್ಕೊಳ್ಳಿ, ಕಾಫಿ ಕುಡೀತೀರಾ, ನಮ್ಮನೇಲಿ ಕುಡಿಯಲ್ಲ ಅಲ್ವಾ, ಹಾಗೇ ನೋಡಿ. ಕಾರ್ಖಾನೆಯ ಟೆಸ್ಟಿಂಗ್ ಸೆಕ್ಷನ್ನಿನಲ್ಲಿ ಇಷ್ಟು ವರ್ಷ ಊರವರ ಯಂತ್ರಗಳ ತಪ್ಪು ಹುಡುಕಿದವನಿಗೆ ಮನೆ ಮುಂದಿನ ತಪ್ಪು ಹುಡುಕುವುದು ದೊಡ್ಡದೇನಲ್ಲ. ಧನುರ್ಮಾಸ ಹಿಡಿದಾಗಿನಿಂದ ಹೀಗೆ, ದಿನ ಬೆಳಗಾದರೆ ನಮ್ಮ ಬಾಗಿಲು ಮಾತ್ರ ಬೋಳು, ಎಡಗಡೆ ಮನೆಯ ಮುಂದೆ ತೇರಿನ ರಂಗೋಲಿ, ಬಲಗಡೆ ನಂಜುಂಡಯ್ಯನವರ ಹೆಂಡತಿ ವಿಶಾಲಾಕ್ಷಮ್ಮನವರ ಪದ್ಮ, ನಡುವೆ ನಾವು, ಹಲ್ಲು ಕಿತ್ತ ಜಾಗದ ಹಾಗೆ. ಶಕುಂತಲ ರಾತ್ರಿಯೇ ಹಾಕಿಡುತ್ತಾಳೆ, ಊಟವಾಗಿ ಬೀದಿ ಖಾಲಿಯಾದ ಮೇಲೆ, ಬೆಳಿಗ್ಗೆ ಹಾಕಿದರೆ ಅವರೆಲ್ಲ ತಮ್ಮ ಗೇಟಿನಿಂದ ನೋಡುತ್ತಾರಂತೆ, ಮೊದಲ ದಿನ ವಿಶಾಲಾಕ್ಷಮ್ಮ, ಚುಕ್ಕಿ ತಪ್ಪಿತಲ್ಲ ಶಕುಂತಲ, ನಿಮ್ಮ ಕಡೆ ಹಾಕೋ ರೂಢಿ ಇಲ್ವೇನೋ ಪಾಪ, ಎಂದರಂತೆ, ನಗುತ್ತಲೇ ಎಂದರಂತೆ, ಆ ಪಾಪ ಎನ್ನುವ ಮಾತು ಇದೆಯಲ್ಲ, ಅದನ್ನು ಬೈಗುಳ ಎಂದು ದೂರು ಕೊಡಲಿಕ್ಕೂ ಬರುವುದಿಲ್ಲ. ಅಂದಿನಿಂದ ಇವಳು ಕಳ್ಳಿಯ ಹಾಗೆ ಕತ್ತಲಲ್ಲಿ ಹಾಕುತ್ತಾಳೆ, ಬೆಳಿಗ್ಗೆ ಎದ್ದು ನೋಡಿದರೆ ಇಲ್ಲ, ಗುಡಿಸಿ, ನೀರು ಹಾಕಿ, ಶುದ್ಧ ಮಾಡಿ ಹೋಗಿರುತ್ತಾರೆ, ನಮ್ಮ ಕೈ ಮುಟ್ಟಿದ ಬೀದಿ ಅವರಿಗೆ ಮೈಲಿಗೆ. ನಂಜುಂಡಯ್ಯನವರು ಈ ತಿಂಗಳು ಪೂರ್ತಿ ಕತ್ತಲಿರುವಾಗಲೇ ದೇವಸ್ಥಾನಕ್ಕೆ ಹೋಗುತ್ತಾರೆ, ಕೈಯಲ್ಲಿ ತಾಮ್ರದ ತಂಬಿಗೆ, ಇನ್ನು ಯಾರು, ಇನ್ನು ಯಾರಿಗಿದೆ ಆ ಹೊತ್ತಿನಲ್ಲಿ ಎದ್ದು ಬರುವ ಶ್ರದ್ಧೆ. ಅವ್ವನಿಗೆ ಹೇಳಬೇಡ ಎಂದಿದ್ದೇನೆ ಶಕುಂತಲಗೆ, ಒಂದು ಮಾತೂ ಹೇಳಬೇಡ, ಈ ವಯಸ್ಸಿನಲ್ಲಿ ಅವಳಿಗೆ ಇದೊಂದು ನೋವು ಬೇಡ, ಅವಳಿಗಾಗಿಯೇ ಈ ಬೀದಿಯಲ್ಲಿ ಮನೆ ತೆಗೆದುಕೊಂಡಿದ್ದು. ಅವ್ವ ಮೆಟ್ಟಿಲ ಮೇಲೆ ಬಿಸಿಲು ಕಾಯುತ್ತ ಕುಳಿತಿದ್ದಾಳೆ, ಅದೇನ್ಲಾ ಲಕ್ಷ್ಮಯ್ಯ ಅದು, ಕ್ಯಾಮೆರಾ ಕಣವ್ವ, ಕಳ್ರು ಬಂದ್ರೆ ಕಾಣುತ್ತೆ, ಇಲ್ಲಿ ಯಾರು ಬತ್ತಾರಪ್ಪ ಕಳ್ರು, ಎಲ್ಲ ದೊಡ್ಡೋರು, ಎಂದು ಅಂಗೈಯಿಂದ ಪಾದ ಉಜ್ಜಿಕೊಳ್ಳುತ್ತಿದ್ದಾಳೆ, ಹಿಮ್ಮಡಿ ಒಡೆದಿದೆ, ಈ ಚಳಿಗೆ ಅವಳ ಕಾಲು ಯಾವಾಗಲೂ ತಣ್ಣಗೆ.

ಹಳೇ ಟ್ಯೂಬು ಕ್ಯಾಮೆರಾ ಸಾರ್, ಬ್ಯಾಂಕಿಂದ ಬಿಚ್ಚಿದ್ದು, ಎಂದಿದ್ದ ಎಸ್.ಪಿ. ರೋಡಿನ ಹಳೇ ಸಾಮಾನಿನ ಅಂಗಡಿಯ ವರದರಾಜ, ಕ್ಯಾಮೆರಾವನ್ನು ಕುಂಬಳಕಾಯಿಯ ಹಾಗೆ ಅತ್ತ ಇತ್ತ ತಿರುಗಿಸಿ, ಚಿತ್ರ ಬರುತ್ತೆ, ಮೋಸ ಇಲ್ಲ, ಆದ್ರೆ ಬೆಳಕು ಬಿದ್ದ ಕಡೆ ಮಚ್ಚೆ ಉಳ್ಕೊಂಡ್ಬಿಡುತ್ತೆ, ಆಮೇಲೆ ನನ್ನ ಕೇಳ್ಬೇಡಿ, ನನಗೇ ಹೇಳಿಕೊಡುತ್ತಾನೆ, ಆ ಜಾತಿಯ ಟ್ಯೂಬು ಹೊಳೆಯುವುದನ್ನು ನೋಡಿದರೆ ಬಿಡುವುದಿಲ್ಲ, ವಸ್ತು ಹೋದ ಮೇಲೂ ಅದರ ಆಕಾರ ಪರದೆಯ ಮೇಲೆ ನಿಂತಿರುತ್ತದೆ, ಗೊತ್ತು ಮಾರಾಯ, ಗೊತ್ತು, ನನ್ನ ತಲೆಯೂ ಅದೇ ಜಾತಿಯದು. ಒಂದು ಲೋಟ ನೋಡಿತ್ತು ಈ ತಲೆ, ಅಲ್ಯೂಮಿನಿಯಂ ಲೋಟ, ಬಾಯಿ ಒಂದು ಕಡೆ ಚಪ್ಪಟೆ, ನಂಜುಂಡಯ್ಯನವರ ಕಾಂಪೌಂಡು ಗೋಡೆಯ ಸಂದಿನಲ್ಲಿ, ಕಣಗಿಲೆ ಗಿಡದ ಮರೆಯಲ್ಲಿ. ಇಸ್ಕೂಲಿಗೆ ರಜಾ ಇದ್ದಾಗ ಅವ್ವನ ಜೊತೆ ಬರುತ್ತಿದ್ದೆ, ಶ್ರೀರಾಂಪುರದಿಂದ ಕತ್ತಲಲ್ಲಿ ರೈಲು ಹಳಿ ದಾಟಿ, ಅವಳ ಹೆಗಲ ಮೇಲೆ ಉದ್ದ ಕೋಲಿನ ಪೊರಕೆ, ಕಾರ್ಪೊರೇಷನ್ನಿನಲ್ಲಿ ಅವಳಿಗೆ ಬರೆದುಕೊಟ್ಟಿದ್ದು ಇದೇ ಬೀದಿ, ಇದೇ ಬಾಗಿಲುಗಳು, ಇದೇ ಮೋರಿ. ಹೆಂಗಸರು ಎದ್ದು ಬರುವ ಮೊದಲು ನಿನ್ನೆಯ ರಂಗೋಲಿ ಹೋಗಿರಬೇಕು ಮಗ, ಹಳೇ ರಂಗೋಲಿ ಮೇಲೆ ಹೊತ್ತು ಹುಟ್ಟಬಾರದು, ಎಂದು ಸರ ಸರ ಗುಡಿಸುತ್ತಿದ್ದಳು, ನೀರು ಚಿಮುಕಿಸುತ್ತಿದ್ದಳು, ಅವರು ಬಂದು ಹೊಸದು ಹಾಕುತ್ತಿದ್ದರು. ಕೊನೆಗೆ ನಂಜುಂಡಯ್ಯನವರ ಗೇಟಿನ ಹತ್ತಿರ ನಿಲ್ಲುತ್ತಿದ್ದಳು, ಸಂದಿನಿಂದ ಲೋಟ ತೆಗೆದು ಸೆರಗಿನಲ್ಲಿ ಒರೆಸಿ ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದಳು, ವಿಶಾಲಾಕ್ಷಮ್ಮ ಆಗ ಹೊಸ ಮದುವಣಗಿತ್ತಿ, ಕೈ ತುಂಬ ಬಳೆ, ಮೇಲಿನಿಂದ ಕಾಫಿ ಸುರಿಯುತ್ತಿದ್ದರು, ಎಷ್ಟು ಮೇಲಿನಿಂದ, ಹನಿಯೂ ಹೊರಗೆ ಬೀಳದ ಹಾಗೆ, ಪಾತ್ರೆಗೆ ಲೋಟ ತಾಗದ ಹಾಗೆ, ಅದು ಅಭ್ಯಾಸವಿಲ್ಲದೆ ಬರುವ ವಿದ್ಯೆಯಲ್ಲ. ಅವ್ವ ಅರ್ಧ ಕುಡಿದು ಅರ್ಧ ನನಗೆ ಕೊಡುತ್ತಿದ್ದಳು. ಆ ಕಾಫಿ ಚೆನ್ನಾಗಿತ್ತು, ಅದೇ ನನಗೆ ಇವತ್ತಿಗೂ ಸಹಿಸಲಾಗದ ಮಾತು, ಅಷ್ಟು ಚೆನ್ನಾಗಿರುವ ಕಾಫಿ ನಾನು ಆಮೇಲೆ ಎಲ್ಲೂ ಕುಡಿಯಲಿಲ್ಲ. ಈ ಮನೆಯ ಗೃಹಪ್ರವೇಶದ ದಿನ ಅವ್ವ ಕಾಲು ಮುಂದಿಡದೆ ಸಂದಿನ ದಾರಿಗೆ ತಿರುಗಿದಳು, ಹಿತ್ತಲಿಗೆ ಹೋಗುವ ಸಂದು, ರೂಢಿ, ಕೈ ಹಿಡಿದು ಎಳೆದುಕೊಂಡು ಬಂದೆ, ಮುಂಬಾಗಿಲಿಂದ, ಬಲಗಾಲಿಟ್ಟು, ಮೊದಲು ನೀನೇ ಹೋಗವ್ವ, ಇಡೀ ಬೀದಿ ನೋಡಲಿ, ನೋಡಿತು ಬೀದಿ, ವಿಶಾಲಾಕ್ಷಮ್ಮನೂ ಬಂದರು, ಕುಂಕುಮ ತೆಗೆದುಕೊಂಡರು, ಊಟ ಬೇಡ ಲಕ್ಷ್ಮಯ್ಯನವರೇ, ಇವತ್ತು ನಂದು ಒಪ್ಪತ್ತು, ಬೇಜಾರು ಮಾಡ್ಕೋಬೇಡಿ, ನನಗೇನೋ ನೀವು ಎಂಬ ಮರ್ಯಾದೆ, ಅವ್ವನ ಕಡೆ ತಿರುಗಿ, ಅಂತೂ ಮಗ ಚೆನ್ನಾಗಿ ನೋಡ್ಕೊಂಡ ಅನ್ನು ಬೈರಿ, ಬೈರಮ್ಮ ಕೂಡ ಅಲ್ಲ, ಬೈರಿ, ನನ್ನ ಮನೆಯ ನಡುಮನೆಯಲ್ಲಿ ನಿಂತು. ಅವ್ವ ನಕ್ಕಳು, ಹೂಂ ಕಣ್ರಮ್ಮ. ಅವತ್ತೇ ಸಂಜೆ ಹೋಗಿ ಸ್ಟೀಲಿನ ಲೋಟ ತಂದೆ, ಗಟ್ಟಿ ತಳದ್ದು, ಅಂಗಡಿಯಲ್ಲೇ ನಿಂತು ಹೆಸರು ಹೊಡೆಸಿದೆ, ಶ್ರೀಮತಿ ಬೈರಮ್ಮ, ಶ್ರೀಮತಿ ಬೇಕಾ ಸಾರ್, ಬೇಕು, ಅದೇ ಬೇಕು. ಆ ಲೋಟ ಅಡುಗೆಮನೆಯ ಗೂಡಿನಲ್ಲಿ ಬೋರಲು ಬಿದ್ದಿದೆ, ಅವ್ವ ಬೆಳಗಿನ ಕಾಫಿ ಮುಟ್ಟುವುದಿಲ್ಲ, ನನಗೆ ಬ್ಯಾಡ ಕಣವ್ವ, ಹೊಟ್ಟೆ ತುಂಬಿದಂಗದೆ, ಎನ್ನುತ್ತಾಳೆ ಶಕುಂತಲಗೆ, ಶಕುಂತಲ ನನ್ನ ಮೇಲೆ ಹರಿಹಾಯುತ್ತಾಳೆ, ನಾನು ಮಾಡಿದ್ ಕಾಫಿ ಅಂದ್ರೆ ನಿಮ್ಮವ್ವಂಗೆ ಆಗಲ್ಲ, ಸೊಸೆ ಅಂದ್ರೆ ಅಷ್ಟೇ, ಹೋಗ್ಲಿ ಬಿಡೇ, ವಯಸ್ಸಾಯ್ತು, ಯಾರ ಜೊತೆಗೆಂದು ಜಗಳವಾಡಲಿ, ಮೊದಲು ಈ ತಂಬಿಗೆಯವರದ್ದು ಮುಗಿಯಲಿ.

ಟೀವಿ ಬಿಸಿಯಾಗುತ್ತಿದೆ, ಮೊದಲು ಬರೀ ಬೂದಿ, ಬೂದಿಯೊಳಗಿಂದ ಗೇಟು ಎದ್ದು ಬರುತ್ತದೆ, ಚೆನ್ನಾಗಿದೆ, ಅಂದುಕೊಂಡದ್ದಕ್ಕಿಂತ ಚೆನ್ನಾಗಿದೆ, ಬೀದಿದೀಪದ ಬೆಳಕೇ ಸಾಕಾಗಿದೆ, ರಾತ್ರಿ ಶಕುಂತಲ ಹಾಕಿದ ರಂಗೋಲಿ ಗೇಟಿನ ಮುಂದೆ ಬಿಳಿಯಾಗಿ, ಒಂದು ಎಳೆಯೂ ತಪ್ಪಿಲ್ಲ, ನನಗಂತೂ ತಪ್ಪು ಕಾಣುತ್ತಿಲ್ಲ, ಯಾವ ಚುಕ್ಕಿ ತಪ್ಪಿದೆ ತೋರಿಸಿ ನೋಡೋಣ. ಇನ್ನೂ ಕತ್ತಲಿದೆ, ಮೂಡಲು ಬಿಳುಪೇರಿಲ್ಲ, ದೇವಸ್ಥಾನದ ಕಡೆಯಿಂದ ಗಂಟೆ, ಹುಗ್ಗಿ ಬೇಯುತ್ತಿರಬೇಕು ಅಲ್ಲಿ, ವಿಸಿಆರಿನ ಕೆಂಪು ದೀಪ ಉರಿಯುತ್ತಿದೆ, ಕ್ಯಾಸೆಟ್ ಓಡುತ್ತಿದೆ, ಶಾಲು ಹೊದ್ದು ಕುಳಿತಿದ್ದೇನೆ. ಬಂದರು — ನಂಜುಂಡಯ್ಯನವರ ಗೇಟು ತೆರೆಯಿತು, ಬಿಳಿ ಪಂಚೆ, ತಲೆಗೆ ಮಫ್ಲರು, ಕೈಯಲ್ಲಿ ತಂಬಿಗೆ, ಬನ್ನಿ ಸ್ವಾಮಿ ಬನ್ನಿ, ನಮ್ಮ ಗೇಟಿನ ಮುಂದೆ ನಿಂತರು, ನಿಂತರು, ಬಗ್ಗಿ ನೋಡಿದರು, ಸುರಿಯಿರಿ, ಸುರಿಯಿರಿ ಈಗ — ಪಂಚೆಯ ಅಂಚನ್ನು ಒಂದು ಕೈಯಲ್ಲಿ ಎತ್ತಿ ಹಿಡಿದರು, ರಂಗೋಲಿ ತುಳಿಯದ ಹಾಗೆ ರಸ್ತೆಯ ನಡುವಿಗೆ ಇಳಿದು ಸುತ್ತಿ ಹೋದರು, ಹೋಗಿಯೇ ಬಿಟ್ಟರು. ಇದೇನಿದು, ಇದು ಹೀಗಲ್ಲ, ಮರಳಿ ಬರುವಾಗ ಮಾಡುತ್ತಾರೇನೋ, ಇಲ್ಲ ಅವರ ಹೆಂಡತಿ ಬರುತ್ತಾರೇನೋ, ಇಲ್ಲ ಎಡಗಡೆಯವರೇ, ಯಾರಾದರೂ ಆಗಲಿ, ಯಾರೋ ಒಬ್ಬರು ಆಗಲೇಬೇಕು. ಪೊರಕೆಯ ಸದ್ದು, ಸರ ಸರ, ಹೊರಗೆ, ದೂರದಲ್ಲಿ, ಈ ಸದ್ದು ಎಷ್ಟು ಬೆಳಗುಗಳಿಂದ ಅರೆನಿದ್ದೆಯಲ್ಲಿ ಕೇಳುತ್ತಿದ್ದೇನೆ, ಕೇಳಿ ಮಗ್ಗುಲು ಬದಲಿಸುತ್ತೇನೆ, ಈ ಬೀದಿ ಎಷ್ಟು ಚೊಕ್ಕಟ, ಕಾರ್ಪೊರೇಷನ್ನಿನವರು ಇಲ್ಲಿ ಎಷ್ಟು ನಿಯತ್ತು ಎಂದು ಆಫೀಸಿನಲ್ಲಿ ಕೊಚ್ಚಿಕೊಂಡಿದ್ದೇನೆ, ಚಿಕ್ಕಂದಿನಿಂದ ಕೇಳಿದ ಸದ್ದು, ಅದು ಕೇಳಿದರೆ ನಿದ್ದೆ ಇನ್ನೂ ಗಟ್ಟಿಯಾಗುತ್ತದೆ. ಪರದೆಯ ಎಡಗಡೆಯಿಂದ ಒಂದು ಕೋಲು, ಕೋಲಿನ ಹಿಂದೆ ಎರಡು ಕೈ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ತಲೆಗೆ ಕಟ್ಟಿದ ಟವೆಲ್ಲು, ಆ ಟವೆಲ್ಲು ನನ್ನದು, ಹಸಿರು ಪಟ್ಟಿಯದು, ಇಲ್ಲಿ ಹಸಿರು ಕಾಣುವುದಿಲ್ಲ, ಆದರೂ ನನ್ನದು. ಬಾಗಿದ ಬೆನ್ನು ನೆಟ್ಟಗಾಯಿತು, ರಂಗೋಲಿಯನ್ನು ಒಂದು ಗಳಿಗೆ ನೋಡಿತು, ನಿನ್ನೆಯದು, ಹಳೆಯದು, ಹೊತ್ತು ಹುಟ್ಟಬಾರದು ಅದರ ಮೇಲೆ, ಪೊರಕೆ ಬಲಕ್ಕೆ ಹೋಯಿತು, ಎಡಕ್ಕೆ ಬಂತು, ಮತ್ತೊಮ್ಮೆ, ಅಷ್ಟೇ, ಬಕೆಟ್ಟಿನಿಂದ ನೀರು ಚಿಮುಕಿಸಿದಳು ಅವ್ವ, ನನ್ನ ಬಾಗಿಲಿಗೆ, ಆಮೇಲೆ ಪಕ್ಕದ ಮನೆಯ ಬಾಗಿಲಿಗೆ ಹೋದಳು. ನಿದ್ದೆ ಬರಲ್ಲ ಕಣಪ್ಪ, ಆ ಹೊತ್ತಾದ್ರೆ ಕಾಲು ತಾನಾಗೇ ಏಳ್ತದೆ, ಎಂದಿದ್ದಳಲ್ಲ, ಮಾತ್ರೆ ತಂದುಕೊಟ್ಟಿದ್ದೆ, ಹಿತ್ತಲ ಸಂದಿನಿಂದಲೇ ಹೊರಗೆ ಹೋಗಿರಬೇಕು. ಒದ್ದೆ ಕಾಲು, ಒಡೆದ ಹಿಮ್ಮಡಿ, ತುಂಬಿದ ಹೊಟ್ಟೆ. ಹೊರಗೆ ಓಡಿ ಹೋಗಿ ಪೊರಕೆ ಕಿತ್ತುಕೊಳ್ಳಬೇಕು, ಏಳಲು ಆಗುತ್ತಿಲ್ಲ, ಎದ್ದರೆ ಅವ್ವ ನನ್ನನ್ನು ನೋಡುತ್ತಾಳೆ, ನಾನು ನೋಡಿದ್ದನ್ನು ನೋಡುತ್ತಾಳೆ. ಪಕ್ಕದ ಗೇಟೂ ಸಿಗಬೇಕು ಎಂದು ನಾನೇ ಬಲಕ್ಕೆ ತಿರುಗಿಸಿ ಸ್ಕ್ರೂ ಬಿಗಿ ಮಾಡಿದ್ದು, ಅರ್ಧ ಸಿಕ್ಕಿದೆ, ಆ ಅರ್ಧದಲ್ಲಿ ವಿಶಾಲಾಕ್ಷಮ್ಮ ಮೆಟ್ಟಿಲ ಮೇಲೆ ಕುಳಿತಿದ್ದಾರೆ, ಮಂಡಿ ನೋವಿರಬೇಕು, ಅವ್ವ ಕೆಳಗೆ ನಿಂತು ಏನೋ ಹೇಳುತ್ತಿದ್ದಾಳೆ, ಈ ಕ್ಯಾಮೆರಾಕ್ಕೆ ಕಣ್ಣಿದೆ, ಕಿವಿ ಇಲ್ಲ, ಇಬ್ಬರೂ ನಗುತ್ತಿದ್ದಾರೆ, ಅವ್ವ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದಾಳೆ, ನನ್ನ ಮನೆಯೊಳಗೆ, ಗ್ರಾನೈಟು ನೆಲದ ಮೇಲೆ, ಫ್ಯಾನಿನ ಕೆಳಗೆ, ಅವಳು ಹೀಗೆ ನಕ್ಕದ್ದನ್ನು ನಾನು ಕಂಡಿಲ್ಲ. ರೀ, ಸಿಕ್ರಾ, ಯಾರು, ಎಂದು ಬಾಗಿಲಲ್ಲಿ ಶಕುಂತಲ, ಕೂದಲು ಕಟ್ಟಿಕೊಳ್ಳುತ್ತ, ನಾನು ಟೀವಿಗೆ ಅಡ್ಡ ನಿಂತಿದ್ದೇನೆ, ಯಾರೂ ಇಲ್ಲ, ಹೋಗು, ಯಾರೂ ಬಂದಿಲ್ಲ, ಮತ್ಯಾಕೆ ಹಂಗೆ ನಿಂತಿದ್ದೀರಿ, ಹೋಗು ಅಂದ್ನಲ್ಲ — ಬೆನ್ನ ಹಿಂದೆ ಪರದೆಯಲ್ಲಿ ಅವ್ವನ ಕೈ ಗೋಡೆಯ ಸಂದಿಗೆ ಹೋಗಿರುತ್ತದೆ, ತಿರುಗಬಾರದು, ತಿರುಗಿದೆ, ಲೋಟ, ಅದೇ, ಬಾಯಿ ಒಂದು ಕಡೆ ಚಪ್ಪಟೆ, ಸೆರಗಿನಲ್ಲಿ ಒರೆಸಿದಳು, ಎರಡೂ ಕೈಯಲ್ಲಿ ಎತ್ತಿ ಹಿಡಿದಳು, ವಿಶಾಲಾಕ್ಷಮ್ಮ ಕುಳಿತಲ್ಲಿಂದ ಕಷ್ಟಪಟ್ಟು ಎದ್ದು ನಿಂತರು, ಮಂಡಿ ಹಿಡಿದುಕೊಂಡು ಎದ್ದರು, ಕುಳಿತು ಸುರಿದರೆ ಎತ್ತರ ಸಾಲುವುದಿಲ್ಲವಲ್ಲ, ಮೇಲಿನಿಂದ ಕಾಫಿ ಇಳಿಯಿತು, ಒಂದೇ ಧಾರೆ, ಬೀದಿದೀಪ ಲೋಟದ ಮೈಮೇಲೆ ಬಿದ್ದು ಥಳ ಎಂದಿತು, ಅವ್ವ ಕುಡಿದಳು, ಪೂರ್ತಿ ಕುಡಿದಳು, ಅರ್ಧ ಕೊಡಲು ಪಕ್ಕದಲ್ಲಿ ಯಾರೂ ಇಲ್ಲ, ನಲ್ಲಿಯ ಹತ್ತಿರ ಬಗ್ಗಿ ತಾನೇ ತೊಳೆದಳು, ಸಂದಿಗಿಟ್ಟಳು, ಪೊರಕೆ ಹೆಗಲಿಗೇರಿಸಿ ಚೌಕಟ್ಟಿನಿಂದಾಚೆ ಹೋದಳು, ಗೇಟು ಮುಚ್ಚಿತು, ಬೀದಿ ಖಾಲಿ, ಒದ್ದೆ ನೆಲ, ಕ್ಯಾಸೆಟ್ ಓಡುತ್ತಲೇ ಇದೆ, ಮಚ್ಚೆ ಉಳ್ಕೊಂಡ್ಬಿಡುತ್ತೆ, ಆಮೇಲೆ ನನ್ನ ಕೇಳ್ಬೇಡಿ ಸಾರ್, ಪರದೆಯಲ್ಲಿ ಖಾಲಿ ಬೀದಿಯ ಮೇಲೆ, ಹಿಡಿದ ಕೈ ಇಲ್ಲದೆ, ಬಾಯಿ ಒಂದು ಕಡೆ ಚಪ್ಪಟೆಯಾದ ಲೋಟ