ಮೂಗಿನ ಭಾರ

ಸವಿತಾಳಿಗೆ ಬೇಕಾಗಿದ್ದು ಒಂದೇ: ಎಂಜಿನ್ ಇಲ್ಲದ ಗ್ಲೈಡರ್‌ನಲ್ಲಿ ಕುಳಿತು ಒಮ್ಮೆಯಾದರೂ ತೇಲಬೇಕು. ಶಿರೂರಿನ ಬಯಲಲ್ಲಿ ಕುರಿ ಕಾಯುತ್ತ, ಹದ್ದುಗಳನ್ನು ನೋಡಿ ನೋಡಿ ಹತ್ತಿದ ಹುಚ್ಚು. ಬಾಗಲಕೋಟೆಯ ಪಾಲಿಟೆಕ್ನಿಕ್ ಸೇರಿದ ಮೇಲೆ ಅದು ಹೆಚ್ಚೇ ಆಯಿತು. ಇವತ್ತು ಅಲ್ಲಿನ ಮೈದಾನದಲ್ಲಿ ಮಾದರಿ ಗ್ಲೈಡರ್ ಸ್ಪರ್ಧೆ. ಯಾರದು ಹೆಚ್ಚು ಹೊತ್ತು ಹಾರುತ್ತದೋ ಅವರಿಗೆ ನಿಜವಾದ ಗ್ಲೈಡರ್ ಹಾರಿಸಲು ಕಲಿಸುವ ಶಿಬಿರ. ತಾಯಿಯಿಲ್ಲದ ಅವಳನ್ನು ಸಾಕಿದ ಅಜ್ಜಿ ರಾಮವ್ವ ಮಾತ್ರ ಇದಕ್ಕೆ ಹೂಂ ಎಂದಿರಲಿಲ್ಲ. ಆದರೂ ನೋಡಲು ಬಂದಿದ್ದಳು.

ಮೊದಲ ಎಸೆತಕ್ಕೇ ಗ್ಲೈಡರ್ ಮೂಗೆತ್ತಿ, ತಡವರಿಸಿ, ದೊಪ್ಪೆಂದು ಬಿತ್ತು. ನಾಲ್ಕು ಜನ ನಕ್ಕರು. ನಗುವವರಿಗೇನು, ತಿಂಗಳುಗಟ್ಟಲೆ ಥರ್ಮಾಕೋಲ್ ಉಜ್ಜಿದ್ದು ಅವರ ಕೈಯಲ್ಲವಲ್ಲ.

ತಿರುವಿ ನೋಡಿದರೆ ಬಾಲದ ಅಡಿಯಲ್ಲಿ ಹಳದಿ ಅರಿವೆಯ ಗಂಟು. ಒಳಗೆ ಕುರಿಗಾರರ ದೇವರು ಬೀರಪ್ಪನ ಭಂಡಾರ, ಗುಡಿಯ ಅರಿಸಿನ ಪುಡಿ. ಹಿಂಡು ಸುಖವಾಗಿ ಮರಳಲೆಂದು ಮುಂದೆ ನಡೆಯುವ ಟಗರಿನ ಕೊರಳಿಗೆ ರಾಮವ್ವ ಕಟ್ಟುವ ಗಂಟು ಅದು.

"ಯಮ್ಮಾ, ಇದನ್ಯಾಕ ಕಟ್ಟಿದಿ?"

"ಅಷ್ಟ ಎತ್ತರ ಹೋಗೂದು. ದೇವರು ಜೋಡಿಗಿರ್ಲಿ ಅಂತ."

ಸವಿತಾಳಿಗೆ ಸಿಟ್ಟು ನೆತ್ತಿಗೇರಿತು. ಕಿತ್ತೆಸೆದರೆ ತೂಕ ಸರಿಹೋಗುತ್ತಿತ್ತು. ಆದರೆ ಅಜ್ಜಿಯ ಎದುರಿಗೆ ಕೈ ಬರಲಿಲ್ಲ. ಗಂಟನ್ನು ಬಾಲದಿಂದ ಬಿಡಿಸಿದಳು, ಮೂಗಿನಲ್ಲಿ ಭಾರಕ್ಕೆಂದು ಮೆತ್ತಿದ್ದ ಜೇಡಿಮಣ್ಣು ಕೆರೆದು, ಆ ಜಾಗದಲ್ಲಿ ಗಂಟನ್ನೇ ಕೂಡಿಸಿದಳು. ರೆಕ್ಕೆಗಳನ್ನು ಬೆರಳ ತುದಿಗಳ ಮೇಲಿಟ್ಟು, ಚಿಟಿಕೆ ಮಣ್ಣು ತೆಗೆದು, ಮತ್ತೆ ಹಚ್ಚಿ, ಕೊನೆಗೂ ಅಲುಗದಂತೆ ನಿಲ್ಲಿಸಿದಳು. ಒಂದು ಕಾಲಕ್ಕೆ ನಿಜವಾದ ಗ್ಲೈಡರ್ ಹಾರಿಸುತ್ತಿದ್ದ ತೀರ್ಪುಗಾರ ಜಯಂತ ಅವಳ ಬೆರಳುಗಳನ್ನೇ ನೋಡುತ್ತಿದ್ದರು.

ಉಳಿದವರೆಲ್ಲ ಮುಗಿಸಿದ ಮೇಲೆ ಅವಳ ಕೊನೆಯ ಎಸೆತ. ಗ್ಲೈಡರ್ ನೆಟ್ಟಗೆ ಸಾಗಿತು, ಕಾದ ನೆಲದ ಬಿಸಿಗಾಳಿ ಸಿಕ್ಕಿ ಸುತ್ತು ಹಾಕುತ್ತ ಏರಿತು, ಕಾಂಪೌಂಡ್ ದಾಟಿತು, ಕಣ್ಮರೆಯಾಯಿತು. ಸವಿತಾ ಗೋಡೆಯ ತನಕ ಓಡಿ ನಿಂತಳು.

"ಶಿಬಿರಕ್ಕ ನೀನ ನೋಡವಾ," ಎಂದರು ಹಿಂದೆಯೇ ಬಂದ ಜಯಂತ.

ಅವಳಿಗೆ ಸಂತೋಷಕ್ಕಿಂತ ಹೊಟ್ಟೆಕಿಚ್ಚೇ ಹೆಚ್ಚಾಯಿತು, ತಾನೇ ಮಾಡಿದ ಥರ್ಮಾಕೋಲಿನ ಮೇಲೆ. ಅದು ಅಲ್ಲಿ, ತಾನಿನ್ನೂ ಇಲ್ಲಿ. ಅಜ್ಜಿ ಬೇಡವೆಂದರೆ ಹೋಗುವ ಮಾತೂ ಇಲ್ಲ.

ರಾಮವ್ವ ಪಕ್ಕಕ್ಕೆ ಬಂದು, ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ಆಕಾಶ ನೋಡಿದಳು.

"ಭಾಳ ಚಂದ ಹೋತು," ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು: "ನೀ ಯಾವಾಗ ಹೋಗಾಕಿ?"